ಬೇಗಡೆ ಸುತ್ತಿದ ಬಿಲ್ಲು

ಮಕ್ಕಳಿಗೆ ಓದುವ ರುಚಿ ಹತ್ತಿಸಿದ ಮೇಷ್ಟ್ರು ಎಂದು ಕೆಲವರು ನನ್ನನ್ನು ಈಗಲೂ ಹೊಗಳುತ್ತಾರೆ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಕೈ ಹಿಡಿದುಕೊಂಡು, "ಲೈಬ್ರರೀಲಿ ಅದೇನೇನೋ ಮಾಡಿ ಇಡ್ತಿದ್ರಲ್ಲ ಸಾರ್, ಅದನ್ನ ನೋಡೇ ನಾವು ಪುಸ್ತಕ ಹಿಡಿದದ್ದು" ಎಂದರೆ ನಾನು ಹಲ್ಲು ಕಿರಿದು ಬೇಗ ಮಾತು ಬದಲಿಸುತ್ತೇನೆ. ವಿನಯ ಎಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ, ನಾಚಿಕೆ. ಅದರ ಕಾರಣವನ್ನು ಹೆಂಡತಿಗೂ ಹೇಳಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಕೊರಟಗೆರೆ ಕಡೆಯ ಹಳ್ಳಿಯವನಾದ ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ವಯಸ್ಸು ಇಪ್ಪತ್ತಾರು, ತಲೆ ತುಂಬ ಕೂದಲು, ಮೈ ತುಂಬ ಜಂಬ. ಹೆಡ್‌ಮಾಸ್ಟರು ನನ್ನ ಕೈಗೆ ಲೈಬ್ರರಿಯ ಬೀಗದ ಕೈ ಕೊಟ್ಟಿದ್ದರು. ಲೈಬ್ರರಿ ಎಂದರೆ ಅವರ ಕೋಣೆಗೂ ಸೈನ್ಸ್ ರೂಮಿಗೂ ನಡುವಿನ ಓಣಿಯಂಥ ಜಾಗದಲ್ಲಿ ಗಾಜಿನ ಬಾಗಿಲಿನ ಎರಡು ಬೀರು, ಮುಂದೆ ಒಂದು ಉದ್ದ ಮೇಜು. ಎಲ್ಲ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ ಹಾಕಿ ಬೆನ್ನಿಗೆ ನಂಬರು ಬರೆದಿದ್ದರು. ಯಾವುದು ಕಥೆ, ಯಾವುದು ವ್ಯಾಕರಣ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಹುಡುಗರು ಅತ್ತ ಸುಳಿಯುತ್ತಲೇ ಇರಲಿಲ್ಲ.

ಟ್ರೈನಿಂಗ್‌ನಲ್ಲಿ ನಮಗೊಬ್ಬರು ಪಾಠ ಹೇಳಿದ್ದರು: ಪುಸ್ತಕ ಮೊದಲು ಕಣ್ಣಿಗೆ ಬೀಳಬೇಕು, ಆಮೇಲೆ ತಾನಾಗಿ ಕೈಗೆ ಬರುತ್ತದೆ ಎಂದು. ನಾನು ಕಂದು ಕಾಗದವನ್ನೆಲ್ಲ ಕಿತ್ತು ಹಾಕಿ, ತಿಂಗಳಿಗೊಂದು ವಿಷಯ ಹಿಡಿದು ಮೇಜಿನ ಮೇಲೆ ಪುಸ್ತಕ ಜೋಡಿಸತೊಡಗಿದೆ. ಮೊದಲ ತಿಂಗಳು ಕಡಲೇಕಾಯಿ. ಕಾಯಿ ಸಮೇತ ಕಿತ್ತ ಗಿಡಗಳನ್ನು ದಾರಕ್ಕೆ ಕಟ್ಟಿ ತಲೆಕೆಳಗಾಗಿ ಇಳಿಬಿಟ್ಟು, ಕೆಳಗೆ ಬೇಸಾಯದ್ದು, ಹುಳಹುಪ್ಪಟೆಯದ್ದು, ಮಣ್ಣಿನದ್ದು ಎಂದು ಸಿಕ್ಕ ಪುಸ್ತಕಗಳನ್ನೆಲ್ಲ ಇಟ್ಟೆ. ಮೂರನೇ ದಿನಕ್ಕೆ ಗಿಡದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಆದರೆ ಪುಸ್ತಕಗಳೂ ಮನೆ ಸೇರಿದ್ದವು. ಮುಂದಿನ ತಿಂಗಳು ಕರಿ ಕಂಬಳಿಯ ಮೇಲೆ ಸುಣ್ಣದ ಚುಕ್ಕಿ ಇಟ್ಟು ಆಕಾಶ ಮಾಡಿದೆ. ಕಂಬಳಿ ಕೊಟ್ಟಾತ ಆಮೇಲೆ ನನ್ನನ್ನು ಬಯ್ದ, ಅದಿರಲಿ. ಹುಡುಗರು ಓದತೊಡಗಿದ್ದು ನಿಜ. ಆ ಪುಣ್ಯವನ್ನು ನನ್ನಿಂದ ಕಿತ್ತುಕೊಳ್ಳುವುದು ಬೇಡ.

ಎಲ್ಲರಿಗಿಂತ ಹೆಚ್ಚು ಓದುತ್ತಿದ್ದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅಪ್ಪ ಹತ್ತಿ ಎಕ್ಕುವ ಸಾಬರು. ಬಿಲ್ಲು ಹೆಗಲಿಗೇರಿಸಿಕೊಂಡು ಬೀದಿ ಬೀದಿ, ಊರೂರು ಸುತ್ತಿ, ಅದರ ತಂತಿ ಮಿಡಿದು ಗಂಟುಗಟ್ಟಿದ ಹತ್ತಿಯನ್ನು ಬಿಡಿಸಿ ಕೊಡುವುದು ಅವರ ಕಸುಬು. ಮನೆಯಲ್ಲಿ ತಾಯಿ ಮಗಳು ಹಾಸಿಗೆ ಹೊಲಿಯುತ್ತಿದ್ದರು. ತಾಯಿ ಮತ್ತು ನೆರೆಮನೆಯ ಹೆಂಗಸರು ಸೂಜಿ ಹಿಡಿದು ಕುಳಿತರೆ ಇವಳು ನಮ್ಮ ಲೈಬ್ರರಿ ಪುಸ್ತಕವನ್ನು ಗಟ್ಟಿಯಾಗಿ ಓದಿ, ಅಲ್ಲಲ್ಲೇ ಅವರ ಮಾತಿನಲ್ಲಿ ಅರ್ಥ ಹೇಳುತ್ತಿದ್ದಳಂತೆ. ಹೀಗಾಗಿ ಒಂದು ಪುಸ್ತಕ ಒಯ್ದರೆ ಐದಾರು ಜನ ಕೇಳಿದ ಹಾಗೆ. ಆ ಕಾಲಕ್ಕೆ ಅಂಥ ಮನೆಯಿಂದ ಹೆಣ್ಣುಮಗಳೊಬ್ಬಳು ಹೈಸ್ಕೂಲಿಗೆ ಬರುವುದೇ ದೊಡ್ಡದು. ಅವಳಪ್ಪ ಹಟ ಹಿಡಿದು ಓದಿಸುತ್ತಿದ್ದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಸುದ್ದಿ ಬಂತು. "ನಿಮ್ಮ ಲೈಬ್ರರಿ ಚಮತ್ಕಾರ ತೋರಿಸ್ರೀ" ಎಂದರು ಹೆಡ್‌ಮಾಸ್ಟರು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದರು. ವೀರರ ಕಥೆಗಳು ಎಂದು ವಿಷಯ ಆರಿಸಿದೆ. ರಾಜರ, ಪಾಳೇಗಾರರ, ಯುದ್ಧಗಳ ಪುಸ್ತಕಗಳನ್ನು ಮೇಜಿಗೆ ತಂದೆ. ಮೇಲೆ ಗೋಡೆಗೆ ಒಂದು ಭಾರಿ ಬಿಲ್ಲು ಬೇಕು ಎಂದು ಕ್ಲಾಸಿನಲ್ಲಿ ಹೇಳಿದೆ. ಹುಡುಗರು ಬಿದಿರು ಬಗ್ಗಿಸಿ ಸೆಣಬಿನ ಹುರಿ ಕಟ್ಟಿ ತಂದರು, ಅವು ಹೊಲದಲ್ಲಿ ಗಿಳಿ ಓಡಿಸುವುದಕ್ಕೂ ಲಾಯಕ್ಕಾಗಿರಲಿಲ್ಲ. ಆಗ ಈ ಹುಡುಗಿ ಎದ್ದು, "ನಮ್ಮನೇಲಿ ದೊಡ್ಡದೊಂದು ಬಿಲ್ಲು ಐತೆ ಸಾರ್, ಅಬ್ಬಾನ ಕೇಳ್ಕೊಂಡು ತರ್ಲಾ?" ಎಂದಳು.

ಮಾರನೇ ದಿನ ಅವಳಪ್ಪನೇ ಅದನ್ನು ಹೊತ್ತು ತಂದರು. ಆಳೆತ್ತರದ ದಪ್ಪ ಮರದ ಕೋಲು, ಒಂದು ತುದಿಗೆ ಅಗಲವಾದ ಹಲಗೆ, ಉದ್ದಕ್ಕೂ ಬಿಗಿದ ನರದ ತಂತಿ. "ನಮ್ಮ ಅಬ್ಬಾನ ಕಾಲದ್ದು ಮೇಷ್ಟ್ರೇ, ಇರೋದು ಇದೊಂದೇ. ನಾಕು ದಿನ ಇಟ್ಕಳಿ. ಇಸ್ಕೂಲಿನ ಗ್ವಾಡೆ ಮ್ಯಾಲೆ ನಮ್ಮ ಬಿಲ್ಲು ಅಂದ್ರೆ ನಮಗೂ ಖುಷೀನೇ" ಎಂದು ನಗುತ್ತಾ ಹೋದರು. ಸೋಮವಾರ ಇನ್‌ಸ್ಪೆಕ್ಟರು ಬಂದು ಹೋದ ಕೂಡಲೇ ಕೊಟ್ಟು ಕಳಿಸುತ್ತೇನೆ ಎಂದೆ. ಹಲಗೆಗೆ ಮಿರಮಿರ ಹೊಳೆಯುವ ಹೊಂಬಣ್ಣದ ಬೇಗಡೆ ಕಾಗದ ಸುತ್ತಿದೆ. ರಟ್ಟು ಕತ್ತರಿಸಿ ಎರಡು ಕಡೆಗೂ ಬಾಗಿದ ತುದಿ ಅಂಟಿಸಿದೆ. ಕೆಳಗೆ 'ವೀರನ ಬಿಲ್ಲು' ಎಂದು ದಪ್ಪಕ್ಷರದಲ್ಲಿ ಬರೆದೆ. ಊರಿನ ಹುಡುಗರ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೆ? "ಲೇ, ಹತ್ತಿ ಬಿಲ್ಲು ಕಣ್ಲಾ!" ಎಂದು ಒಬ್ಬ ಕಿಸಕ್ಕೆಂದ. ಅವನ ಕಿವಿ ಹಿಂಡಿದೆ.

ಸೋಮವಾರ ಇನ್‌ಸ್ಪೆಕ್ಟರು ಬರಲಿಲ್ಲ. ಮುಂದಿನ ವಾರ ಎಂದರು, ಆ ವಾರವೂ ಬರಲಿಲ್ಲ. ನಾನು ಮೇಜಿನ ಪುಸ್ತಕ ಮುಟ್ಟಲು ಯಾರಿಗೂ ಬಿಡಲಿಲ್ಲ, ಜೋಡಣೆ ಕೆಡುತ್ತದೆ ಎಂದು. ಓದಿಸಲು ಹೊರಟವನು ಓದಬೇಡಿ ಎಂದು ಕಾವಲು ನಿಂತೆ. ಬಿಲ್ಲೂ ಗೋಡೆಯಲ್ಲೇ ಉಳಿಯಿತು. ಯುಗಾದಿ ಕಳೆದಿತ್ತು, ಮದುವೆಗಳ ಕಾಲ. ಹೊಸ ಹಾಸಿಗೆ, ಹಳೇ ಹಾಸಿಗೆಯ ಹತ್ತಿ ಎಂದು ಎಕ್ಕುವವರಿಗೆ ವರ್ಷದಲ್ಲಿ ಕೈತುಂಬ ಕೆಲಸ ಇರುವುದು ಆಗಲೇ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಈ ಕಾಗದವೇ ನಕ್ಕೀತು. ಗೊತ್ತಿತ್ತು.

ಒಂದು ದಿನ ಪಾಠ ಮುಗಿದ ಮೇಲೆ ಹುಡುಗಿ ಬೆಂಚಿನಿಂದ ಎದ್ದಳು. "ಸಾರ್, ಅಬ್ಬಾ ಕೇಳ್ಕೊಂಡು ಬಾ ಅಂದ್ರು. ಬಿಲ್ಲು..." ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಯಾಕಮ್ಮ, ನಾನೇನು ಅದನ್ನ ತಿಂದುಬಿಡ್ತೀನಾ? ಶಾಲೆಗೆ ಕೊಟ್ಟ ವಸ್ತುನ ದಿನಾ ಬಂದು ಕೇಳೋದಾದ್ರೆ ಯಾಕೆ ಕೊಡಬೇಕಿತ್ತು?" ಎಂದೆ. ಕ್ಲಾಸೆಲ್ಲ ನಕ್ಕಿತು. ದಿನಾ ಏನು ಬಂತು, ಅವಳು ಕೇಳಿದ್ದು ಅದೊಂದೇ ಸಲ. ತಲೆ ತಗ್ಗಿಸಿ ಕುಳಿತಳು.

ಕೊನೆಗೊಂದು ಗುರುವಾರ ಇನ್‌ಸ್ಪೆಕ್ಟರು ಬಂದರು. ಪುಸ್ತಕಗಳ ಬಗ್ಗೆ ಎರಡು ಮಾತಾಡಲು ನಾನು ನಿಲ್ಲಿಸಿದ್ದು ಅದೇ ಹುಡುಗಿಯನ್ನು, ಅಷ್ಟು ಚೆನ್ನಾಗಿ ಮಾತಾಡುವವರು ಬೇರೆ ಇರಲಿಲ್ಲ. ತಡವರಿಸದೆ ಮಾತಾಡಿದಳು. ಇನ್‌ಸ್ಪೆಕ್ಟರು ತಲೆದೂಗಿ, ಕನ್ನಡಕ ಸರಿಮಾಡಿಕೊಂಡು ಗೋಡೆಯ ಕಡೆ ನೋಡಿದರು. "ಭಲೆ, ಬಿಲ್ಲು ಬಹಳ ಚೆನ್ನಾಗಿದೆ. ಎಲ್ಲಿಂದ ತಂದಿರಿ?" ಎಂದು ಕೇಳಿದರು.

ಹತ್ತಿ ಎಕ್ಕುವುದು ಸಾರ್, ಈ ಹುಡುಗಿಯ ಮನೆಯದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ವೀರನ ಬಿಲ್ಲು ಹತ್ತಿಯ ಬಿಲ್ಲಾದರೆ ನಗುತ್ತಾರೆ ಅನಿಸಿತು. "ನಾನೇ ಮಾಡಿಸಿದ್ದು ಸಾರ್. ಬಡಗಿಯನ್ನ ಕೂರಿಸಿಕೊಂಡು, ಹೇಳಿ ಹೇಳಿ ಮಾಡಿಸಿದೆ" ಎಂದೆ. ಬಡಗಿಯ ಮಾತು ತಾನಾಗಿ ಬಂತು. ಸುಳ್ಳಿಗೆ ಕಾಲು ಸಾಲದಿದ್ದರೆ ಅದೇ ಇನ್ನೆರಡು ಹುಟ್ಟಿಸಿಕೊಳ್ಳುತ್ತದೆ. ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ತನಗೇ ಏನೋ ಸರಿಯಾಗಿ ಕೇಳಿಸಲಿಲ್ಲ ಎನ್ನುವವರ ಹಾಗೆ ನೋಡಿದಳು.

ಇನ್‌ಸ್ಪೆಕ್ಟರು ಸಂತೋಷಪಟ್ಟು ನನ್ನ ಬೆನ್ನು ತಟ್ಟಿದರು. ಮುಂದಿನ ವಾರ ಮಧುಗಿರಿಯಲ್ಲಿ ಮೇಷ್ಟ್ರುಗಳ ಸಭೆಯಿದೆ, ಇದನ್ನೆಲ್ಲ ಹೀಗೆಯೇ ಅಲ್ಲಿ ಜೋಡಿಸಿ ತೋರಿಸಿ, ಬಿಲ್ಲನ್ನಂತೂ ಮರೆಯಬೇಡಿ ಎಂದರು. ನನ್ನದೇ ಬಿಲ್ಲು ಎಂದ ಮೇಲೆ ಇಲ್ಲ ಎನ್ನುವುದು ಹೇಗೆ? ಆಗಲಿ ಸಾರ್ ಎಂದೆ.

ಮಾರನೇ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನನಗೆ ನಿರಾಳವಾಯಿತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಆದದ್ದು ಅದೇ. ಅವಳ ಮುಖ ನೋಡದೆ ಪಾಠ ಮಾಡುವುದು ಸುಲಭವಾಗಿತ್ತು.

ಸಭೆಯ ಹಿಂದಿನ ದಿನ ಬಿಲ್ಲನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿಸಿ ಮಧುಗಿರಿಗೆ ಹೊರಟೆ. ಬಡವನಹಳ್ಳಿಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ನೋಡುತ್ತೇನೆ, ರಸ್ತೆ ಪಕ್ಕದ ಮನೆಯ ಜಗುಲಿಯಲ್ಲಿ ಅವಳಪ್ಪ. ಎರಡು ಕೈಯಲ್ಲೂ ಬೆತ್ತ ಹಿಡಿದು, ರಾಶಿ ಹತ್ತಿಯನ್ನು ಬಡಿಯುತ್ತಿದ್ದರು. ಬಿಲ್ಲಿದ್ದರೆ ಗಂಟೆಯಲ್ಲಿ ಮುಗಿಯುವುದನ್ನು ಬೆಳಗಿನಿಂದ ಬಡಿಯುತ್ತಿದ್ದರೇನೋ, ಗಡ್ಡ, ಹುಬ್ಬು, ರೆಪ್ಪೆಯೆಲ್ಲ ಹತ್ತಿಯಾಗಿ ಒಂದೇ ದಿನಕ್ಕೆ ಮುದುಕರಾದಂತಿದ್ದರು. ಮನೆಯೊಡತಿ ಹೊಸಿಲಲ್ಲಿ ನಿಂತು, "ಇಂಗ್ ಬಡುದ್ರೆ ಮದ್ವೆ ಆಗಿ ಮಗು ಆದ್ಮ್ಯಾಲೆ ಹಾಸ್ಗೆ ಆಯ್ತದೆ ಕಣಪ್ಪ. ಬಿಲ್ಲೆಲ್ಲಿ ಮಡಗ್‌ಬುಟ್ಟು ಬಂದೆ?" ಎಂದು ಕೂಗಾಡುತ್ತಿದ್ದಳು. ಅವರು ಏನೋ ಹೇಳಿ ನಗುತ್ತಿದ್ದರು.

ನಾನು ತಲೆ ಒಳಗೆಳೆದುಕೊಳ್ಳುವಷ್ಟರಲ್ಲಿ ಅವರ ಕಣ್ಣಿಗೆ ಬಿದ್ದೆ. ಬೆತ್ತ ಕೆಳಗಿಟ್ಟು ಎದ್ದು ನಿಂತು ಸಲಾಮು ಮಾಡಿದರು. "ಮಧುಗಿರಿಗಾ ಮೇಷ್ಟ್ರೇ? ಚಾ ಕುಡೀತೀರಾ, ತರಿಸ್ಲಾ?" ಎಂದು ಕೂಗಿ ಕೇಳಿದರು. ಬೇಡ ಸಾಬರೇ, ಶಾಲೆ ಕೆಲಸ ಎಂದೆ. ಬಿಲ್ಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಲ್ಲು ನನ್ನ ನೆತ್ತಿಯ ಮೇಲೇ ಇತ್ತು, ಇಳಿಸಿ ಕೊಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಕಂಡಕ್ಟರ್ ರೈಟ್ ಎಂದ. ದೇವರೇ ಹೇಳಿಸಿದ ಎಂದು ನಾನು ಉಸಿರು ಬಿಟ್ಟೆ. ಇದ್ದಬದ್ದದ್ದಕ್ಕೆಲ್ಲ ದೇವರನ್ನು ಎಳೆದು ತರುವುದು ನನ್ನಂಥವರ ಚಾಳಿ.

ಮಧುಗಿರಿಯಲ್ಲಿ ಚಪ್ಪಾಳೆ ಬಿತ್ತು. ಯಾರೋ ಹಾರ ಹಾಕಿದರು. ಪಾವಗಡದಿಂದ ಬಂದಿದ್ದ ಮೇಷ್ಟ್ರೊಬ್ಬರು ಬಿಲ್ಲಿನ ತಂತಿ ಹಿಡಿದು ಎಳೆದೆಳೆದು, "ಏಮಿ ಸ್ವಾಮಿ, ಬಾಣ ಬಿಡೋಣವಾ?" ಎಂದು ತಮಾಷೆ ಮಾಡಿದರು. ಎಲ್ಲರೂ ಸರದಿಯ ಮೇಲೆ ಎಳೆದರು. ನಾನೂ ನಕ್ಕೆ. ನಾಲ್ಕನೆಯವರೋ ಐದನೆಯವರೋ ಎಳೆದಾಗ ತಂತಿ ಪಟ್ಟೆಂದು ಕಿತ್ತು, ಹಲಗೆ ಬುಡದಲ್ಲಿ ಸೀಳು ಬಿಟ್ಟಿತು.

ಶಿರಾಕ್ಕೆ ವಾಪಸು ಬಂದ ಸಾಯಂಕಾಲವೇ ಬೇಗಡೆ ಕಿತ್ತು ಹಾಕಿ ಬಿಲ್ಲನ್ನು ಅವರ ಮನೆಗೆ ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅವರು ಬಯ್ಯುತ್ತಾರೆ, ಬಯ್ಯಲಿ, ತಲೆಬಾಗಿಸಿ ಕೇಳಿಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಹಾಗಾದರೂ ಆಗಿದ್ದರೆ ಈ ಹೊರೆ ಇಳಿಯುತ್ತಿತ್ತು.

ಅವರು ಗಾಬರಿಯಾಗಿ ಎದುರಿಗೆ ಓಡಿ ಬಂದು ಬಿಲ್ಲು ಇಸಿದುಕೊಂಡರು. "ನೀವ್ಯಾಕೆ ಹೊತ್ಕಂಡ್ ಬಂದ್ರಿ ಮೇಷ್ಟ್ರೇ, ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?" ಕಿತ್ತ ತಂತಿಯ ಮೇಲೆ, ಸೀಳಿದ ಮರದ ಮೇಲೆ ಬೆರಳಾಡಿಸಿದರು. ಆಮೇಲೆ, "ಹೋಗ್ಲಿ, ಹಳೇದು. ಎಂಗೋ ಕಟ್ಕಂತೀನಿ" ಎಂದು ಗೋಡೆಗೆ ಒರಗಿಸಿದರು.

ನಾನು ಬಾಯಿಪಾಠ ಮಾಡಿದ್ದನ್ನು ಶುರು ಮಾಡಬೇಕು, ಅಷ್ಟರಲ್ಲಿ ಅವರೇ ಕೈ ಮುಗಿದರು. "ನಾನೇ ಬಂದು ನಿಮ್ಮತ್ರ ಮಾಫಿ ಕೇಳ್ಬೇಕು ಅಂತಿದ್ದೆ ಮೇಷ್ಟ್ರೇ. ನನ್ನ ಮಗಳು ತಪ್ಪು ಮಾಡ್‌ಬುಟ್ಳು."

"ಏನು ತಪ್ಪು?" ಎಂದೆ.

"ಅವತ್ತು ಇನ್‌ಸ್ಪೆಕ್ಟ್ರು ಬಂದ್ರಲ್ಲ, ಮನೇಗೆ ಬಂದು ಹೇಳ್ತಾಳೆ, ಮೇಷ್ಟ್ರು ನಮ್ಮ ಬಿಲ್ಲನ್ನ ತಾನೇ ಮಾಡ್ಸಿದ್ದು ಅಂದ್ರು ಅಂತ. ವಿದ್ಯೆ ಕಲಿಸೋರು ಸುಳ್ಳು ಹೇಳ್ತಾರಾ ಮೇಷ್ಟ್ರೇ? ಅದೂ ಯಾತಕ್ಕೆ, ಒಂದು ಹತ್ತಿ ಬಿಲ್ಲಿಗಾ? ಎಷ್ಟು ಕೇಳಿದ್ರೂ ಅದೇ ಮಾತು, ಹಟ. ಇವತ್ತಿನ ತನಕ ಅವಳ ಮೈ ಮುಟ್ಟಿರ್ಲಿಲ್ಲ, ಅವತ್ತು ಹೊಡ್ದುಬುಟ್ಟೆ. ಗುರುಗಳ ಮ್ಯಾಲೆ ಸುಳ್ಳು ಹೊರ್ಸೋಕೆ ಕಲಿಯೋದಾದ್ರೆ ಇಸ್ಕೂಲೇ ಬ್ಯಾಡ ಅಂದ್ಬುಟ್ಟೆ."

ನಾನು ಹೇಳಬೇಕಿದ್ದದ್ದು ಇಷ್ಟೇ: ಅವಳು ಹೇಳಿದ್ದು ನಿಜ ಸಾಬರೇ. ಐದು ಪದ ಕೂಡ ಇಲ್ಲ. ಅಷ್ಟು ಹೇಳಿದ್ದರೆ ಆ ಮಗು ಗೆಲ್ಲುತ್ತಿತ್ತು. ನಾನು ಕನ್ನಡದ ಮೇಷ್ಟ್ರು, ಗಂಟೆಗಟ್ಟಲೆ ಮಾತಾಡುವವನು, ಆ ನಾಲ್ಕು ಪದ ಆಡಲಿಲ್ಲ. ಈ ಮನುಷ್ಯನ ಮುಂದೆ ಸಣ್ಣವನಾಗಿಬಿಡುತ್ತೇನೆ, ಪೇಟೆಯಲ್ಲಿ ಹೇಳಿಕೊಂಡಾರು, ಹೆಡ್‌ಮಾಸ್ಟರ ಕಿವಿಗೆ ಬಿದ್ದೀತು ಎಂದೆಲ್ಲ ಲೆಕ್ಕ ಹಾಕಿದೆ.

"ಮಕ್ಕಳು, ಹೋಗಲಿ ಬಿಡಿ. ಶಾಲೆ ಬಿಡಿಸಬೇಡಿ, ನಾಳೆಯಿಂದ ಕಳಿಸಿ" ಎಂದೆ.

ಅವರ ಕಣ್ಣಲ್ಲಿ ನೀರು ಬಂತು. ನನ್ನ ದೊಡ್ಡತನಕ್ಕೆ! ಮಗಳನ್ನು ಮಾರನೇ ದಿನದಿಂದಲೇ ಕಳಿಸಿದರು. ಅವಳು ಎಸೆಸೆಲ್ಸಿ ಪಾಸು ಮಾಡುವವರೆಗೂ ಓದಿದಳು, ಲೈಬ್ರರಿಯ ಕಡೆಗೆ ಮಾತ್ರ ಒಂದು ದಿನವೂ ಬರಲಿಲ್ಲ. ಆದರೆ ಆ ಸಾಯಂಕಾಲ ಅವರು ನನ್ನನ್ನು ಹಾಗೆಯೇ ಹೋಗಲು ಬಿಡಲಿಲ್ಲ. "ಬೇಟಿ, ಹೊರಗ್ ಬಾ" ಎಂದು ಕರೆದರು. ಹುಡುಗಿ ಬಾಗಿಲ ಪರದೆ ಸರಿಸಿಕೊಂಡು ಬಂದು ನಿಂತಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಏನು ಹೇಳಿದೆ, ಏನು ಹೇಳಲಿಲ್ಲ, ಎರಡೂ ಅವಳಿಗೆ ಗೊತ್ತಿತ್ತು.

"ಮೇಷ್ಟ್ರಿಗೆ ಹೇಳು" ಎಂದರು ಅಪ್ಪ.

ಅವಳು ಕೈ ಕಟ್ಟಿಕೊಂಡು, ನನ್ನ ಮುಖವನ್ನೇ ನೋಡುತ್ತಾ, ಪಾಠ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಹೇಳಿದಳು: "ತಪ್ಪಾಯ್ತು ಸಾರ್. ನಾನು ಸುಳ್ಳು ಹೇಳಿದೆ."

"ಪರವಾಗಿಲ್ಲಮ್ಮ, ಕ್ಷಮಿಸಿದ್ದೇನೆ" ಎಂದೆ ನಾನು.