ತುಕ್ರ ಮುಟ್ಟಿದ ಕೋವಿ

ಗಲ್ಫಿನ ರುಸ್ತಾಕ್ ಪೇಟೆಯ ಹಿಂಬದಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಒಂದು ವರ್ಕ್‌ಶಾಪಿದೆ. ಅಲ್ಲಿ ಇಪ್ಪತ್ತು ವರ್ಷದಿಂದ ಲೇತ್ ನಡೆಸುತ್ತಿರುವ ತುಕ್ರ ಬೆಳ್ತಂಗಡಿ ಕಡೆಯವನು. ಒಳ್ಳೆಯ ಕೆಲಸಗಾರ, ಯಾರ ತಂಟೆಗೂ ಹೋಗದವನು. ಬಾಯಿಯೊಂದು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂದು ದಿನ ಚಹಾ ಕುಡಿಯುತ್ತ ತನಗೆ ವೀಸಾ ಕೊಟ್ಟ ಮಾಲಕ, ಕಫೀಲ್ ಖಲ್ಫಾನನ ಎದುರು, ‘ನಮ್ಮಪ್ಪ ದೊಡ್ಡ ಬೇಟೆಗಾರ, ಕೋವಿ ನೋಡಿದ ಕೂಡಲೇ ಅದರ ಜಾತಕ ಹೇಳುತ್ತಿದ್ದ’ ಎಂದು ಕೊಚ್ಚಿಕೊಂಡುಬಿಟ್ಟ. ಅಪ್ಪ ಬೇಟೆಗಾರನೂ ಅಲ್ಲ, ಎಂತದೂ ಅಲ್ಲ. ಧಣಿಗಳ ಕೋವಿ ಹೊತ್ತುಕೊಂಡು ಅವರ ಹಿಂದೆ ಕಾಡು ಸುತ್ತುತ್ತಿದ್ದವನು. ಆದರೆ ಅವನಿಗೆ ಕೋವಿಯ ಗುಣ ಗೊತ್ತಿದ್ದದ್ದು ನಿಜ, ಮಗನಿಗೆ ಕಲಿಸಿದ್ದೂ ನಿಜ.

ಖಲ್ಫಾನ್ ಆ ಮಾತು ಮರೆಯಲಿಲ್ಲ. ಈ ಚಳಿಗಾಲದಲ್ಲಿ ಅವನ ಆಡಿನ ಹಟ್ಟಿಗೆ ನರಿ ಬಿದ್ದು ವಾರದಲ್ಲಿ ಮೂರು ಮರಿ ಹೋದವು. ಅವನಲ್ಲಿ ಪರವಾನಗಿ ಇತ್ತು, ಕೋವಿ ಇರಲಿಲ್ಲ. ಹೊಸದರ ಬೆಲೆ ಕೇಳಿ ಹಿಂದೆ ಬಂದವನು, ‘ಹಳೆಯದು ನೋಡೋಣ. ನೀನು ಬಾ, ನಿನಗೆ ಗೊತ್ತಲ್ಲ’ ಎಂದ.

ತುಕ್ರ ಸೀದಾ ಒಳಗೆ ನಡೆದ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಹೆಂಡತಿ ಉಮಾವತಿ ಮೀನು ಕುಯ್ಯುತ್ತಿದ್ದಳು. ಸುದ್ದಿ ಕೇಳಿ ಕತ್ತಿ ಕೆಳಗಿಟ್ಟಳು.

‘ಎಂತ, ಮಂಡೆ ಸಮ ಉಂಟಾ ನಿಮಗೆ? ಪರದೇಶದವರ ಕೈಯಲ್ಲಿ ಕೋವಿ ಕಂಡ್ರೆ ಯಾರಾದ್ರೂ ಕಾರಣ ಕೇಳ್ತಾರಾ? ಸೀದಾ ಒಳಗೆ ಹಾಕ್ತಾರೆ.’

‘ಆಗುದಿಲ್ಲ ಅಂತ ಹೇಳ್ಲಿಕ್ಕೆ ಉಂಟಾ ಮಾರಾಯ್ತಿ? ಬರುವ ತಿಂಗಳು ವೀಸಾ ಕಾಗದಕ್ಕೆ ಸೈನು ಹಾಕುವವರು ಅರ್ಬಾಬೇ ಅಲ್ವಾ?’

‘ಹಾಗಾದ್ರೆ ನೋಡಿ ಬನ್ನಿ. ಮುಟ್ಟುದಿಲ್ಲ ಅಂತ ನನ್ನ ಮೇಲೆ ಆಣೆ ಹಾಕಿ.’

ತುಕ್ರ ಆಣೆ ಹಾಕಿದ.

ಮೊದಲು ನೋಡಿದ ಕೋವಿ ಚೆನ್ನಾಗಿತ್ತು. ಆದರೆ ಮಾರುವವನು ಬೆಲೆಯಲ್ಲಿ ಒಂದಿಷ್ಟೂ ಇಳಿಯಲಿಲ್ಲ. ಎರಡನೆಯದು ಖಲ್ಫಾನನ ದೊಡ್ಡಪ್ಪನದು, ಅರ್ಧಕ್ಕರ್ಧ ಅಗ್ಗ. ಮುದುಕ ಖರ್ಜೂರ ತಿನ್ನಿಸಿ, ಕಾವಾ ಎಂಬ ಕಾಫಿ ಕುಡಿಸಿ, ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದ. ನಳಿಗೆಯ ಉದ್ದಕ್ಕೂ ಮರದ ಕವಚ. ‘ನನ್ನಪ್ಪ ಇದರಲ್ಲೇ ಜಿಂಕೆ ಹೊಡೆದದ್ದು. ಈಗ ಜಿಂಕೆ ಮುಟ್ಟಿದರೆ ಜೈಲು. ನರಿಗಾದರೂ ಉಪಯೋಗಕ್ಕೆ ಬರಲಿ’ ಎಂದು ಅದರ ಬೆನ್ನು ಸವರಿದ. ಹಿಂಬದಿಯ ಬೋಲ್ಟ್ ತೆಗೆದು ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದ.

ತುಕ್ರ ಕೈಗಳೆರಡನ್ನೂ ಹಿಂದೆ ಕಟ್ಟಿಕೊಂಡು ಬಗ್ಗಿದ. ದೇವರ ಪ್ರಸಾದಕ್ಕೂ ಮನುಷ್ಯ ಅಷ್ಟು ಬಗ್ಗುವುದಿಲ್ಲ. ನಳಿಗೆಯ ಒಳಗೆ ಬೆಳಕು ನೇರವಾಗಿ ಹರಿಯುತ್ತಿತ್ತು. ಅರ್ಧ ದಾರಿಯಲ್ಲಿ ಮಾತ್ರ ಬಳೆಯ ಹಾಗೆ ಒಂದು ಕಪ್ಪು ನೆರಳು. ಯಾವತ್ತೋ ಒಂದು ಗುಂಡು ಒಳಗೆ ಸಿಕ್ಕಿಕೊಂಡು, ಅದರ ಹಿಂದೆಯೇ ಇನ್ನೊಂದು ಹೊಡೆದಾಗ ಕಬ್ಬಿಣ ಅಲ್ಲಿ ಉಬ್ಬಿ ಸೋತಿತ್ತು. ಮರ ಮುಚ್ಚಿದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಹೊಡೆಯುವವನ ಎಡಗೈ ಬರುವುದು ಸರಿಯಾಗಿ ಆ ಜಾಗಕ್ಕೇ.

ಅವನ ಅಪ್ಪನ ಎಡಗೈಯಲ್ಲಿ ಮೂರು ಬೆರಳಿರಲಿಲ್ಲ. ಧಣಿಗಳು ಅಗ್ಗಕ್ಕೆಂದು ತಂದ ಕೋವಿಯಲ್ಲಿ ಇಂಥದೇ ಬಳೆ ಇತ್ತು. ಅಪ್ಪ ಅದನ್ನು ನೋಡಿದ್ದ, ಧಣಿಗಳಿಗೆ ಹೇಳಲು ಬಾಯಿ ಬಂದಿರಲಿಲ್ಲ. ‘ಮೊದಲ ಗುಂಡು ನೀನೇ ಹೊಡೆಯೋ’ ಎಂದಾಗಲೂ ಬಂದಿರಲಿಲ್ಲ.

‘ಹೇಗಿದೆ?’ ಖಲ್ಫಾನ್ ಕೇಳಿದ. ಮುದುಕ ಗಡ್ಡ ನೀವುತ್ತ ತುಕ್ರನನ್ನೇ ನೋಡುತ್ತಿದ್ದ. ಹಿರಿಯನ ಮನೆಯಲ್ಲಿ ಕುಳಿತು, ಅವನ ಕಾವಾ ಕುಡಿದು, ಅವನಪ್ಪನ ಕೋವಿ ಕೆಟ್ಟದ್ದು ಎನ್ನುವುದೇ? ಒಂದು ಮಾತು ಹೆಚ್ಚುಕಡಿಮೆಯಾದರೆ ವೀಸಾ ಇಲ್ಲ, ಮುಂದಿನ ವಿಮಾನಕ್ಕೆ ಗಂಟುಮೂಟೆ.

‘ಜೇನ್’ ಎಂದ ತುಕ್ರ ಅರಬಿಯಲ್ಲಿ. ಚೆನ್ನಾಗಿದೆ ಎಂದು.

ಥೂ ನಿನ್ನ! ಎಂದು ಬೈಯಬೇಕು ಅನಿಸುತ್ತದೆ. ಅವನೂ ತನ್ನನ್ನು ಹಾಗೆಯೇ ಬೈದುಕೊಂಡ, ಆದರೆ ಮನಸ್ಸಿನಲ್ಲಿ.

‘ಖಲಾಸ್! ಒಂದು ಗುಂಡು ಹೊಡೆದು ನೋಡಿ, ಮಧ್ಯಾಹ್ನ ಪೊಲೀಸರಲ್ಲಿ ಕಾಗದ ನನ್ನ ಹೆಸರಿಗೆ ಬದಲಾಯಿಸೋಣ’ ಎಂದ ಖಲ್ಫಾನ್. ಮೂವರೂ ಪಿಕಪ್ ಹತ್ತಿದರು. ದಾರಿಯುದ್ದಕ್ಕೂ ತುಕ್ರ ಈಗ ಹೇಳುತ್ತೇನೆ, ಆ ತಿರುವು ದಾಟಲಿ ಹೇಳುತ್ತೇನೆ ಎಂದುಕೊಂಡ. ತಿರುವುಗಳು ಮುಗಿದವು.

ಊರಾಚೆಯ ಒಣ ಹಳ್ಳದಲ್ಲಿ ಖಲ್ಫಾನ್ ಬಂಡೆಯ ಮೇಲೊಂದು ಎಣ್ಣೆ ಡಬ್ಬ ಇಟ್ಟು ಬಂದ. ಬೋರಲು ಮಲಗಿದ. ಕೆನ್ನೆಯನ್ನು ಕೋವಿಗೆ ಒತ್ತಿದ. ಎಡಗೈ ನಿಧಾನವಾಗಿ ಮುಂದೆ ಸರಿದು ಆ ಬಳೆಯ ಜಾಗದಲ್ಲೇ ನಿಂತಿತು. ಬಲಗೈ ಬೆರಳು ಟ್ರಿಗರಿಗೆ ಹೋಗುತ್ತಿತ್ತು.

‘ಬೇಡ ಅರ್ಬಾಬ್! ಬೇಡ!’

ಕಿರುಚಿದ್ದು ತಾನೇ ಎಂದು ತುಕ್ರನಿಗೆ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹಾರಿ ಹೋಗಿ ಕೋವಿಯನ್ನು ಕಿತ್ತುಕೊಂಡಿದ್ದ. ಆಣೆಯೂ ಹೋಯಿತು, ವೀಸಾವೂ ಹೋಯಿತು. ಹಗಲು ಬೆಳಕಿನಲ್ಲಿ, ಇಬ್ಬರ ಕಣ್ಣೆದುರು, ಪರದೇಶದ ಕೂಲಿಯವನ ಕೈಯಲ್ಲಿ ತೋಟೆ ತುಂಬಿದ ಕೋವಿ!

‘ಕೆಳಗಿಡು! ಒಬ್ಬ ಹಿಂದಿ, ಇಂಡಿಯಾದ ಕೂಲಿ, ನನ್ನಪ್ಪನ ಕೋವಿಗೆ ಕೈ ಹಾಕುವುದೇ?’ ಮುದುಕ ಊರುಗೋಲು ಎತ್ತಿದ.

ತುಕ್ರ ಎರಡು ಹೆಜ್ಜೆ ಹಿಂದೆ ಸರಿದ. ಕೋವಿಯನ್ನು ಮರಳಿನ ಮೇಲಿಟ್ಟು, ‘ಒಂದು ಸಲ ಹಗ್ಗದಲ್ಲಿ ಎಳೆದು ನೋಡಿ. ಆಮೇಲೆ ಪೊಲೀಸರಿಗೆ ಬೇಕಾದರೂ ಕೊಡಿ’ ಎಂದು ಕೈ ಮುಗಿದ.

ಖಲ್ಫಾನ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಪಿಕಪ್‌ನ ಹಳೇ ಟಯರಿಗೆ ಕೋವಿ ಕಟ್ಟಿದ. ಟ್ರಿಗರಿಗೆ ಹಗ್ಗ ಬಿಗಿದು ಮೂವರೂ ಬಂಡೆಯ ಹಿಂದೆ ಕುಳಿತರು. ಎಳೆದ.

ಗುಡ್ಡವೇ ಒಡೆದಂತಾಯಿತು. ಹೊಗೆ ಹೋದ ಮೇಲೆ ನೋಡಿದರೆ ಮರದ ಕವಚ ಸೀಳಿಹೋಗಿತ್ತು, ನಳಿಗೆ ನಡುವೆ ಬಾಯಿ ಬಿಟ್ಟುಕೊಂಡಿತ್ತು. ಮುದುಕನ ಕೋಲು ಕೈಯಿಂದ ಜಾರಿತು. ‘ಯಾ ಅಲ್ಲಾ’ ಎಂದು ಅಲ್ಲೇ ಕುಸಿದು ಕುಳಿತ.

ಖಲ್ಫಾನ್ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

‘ನಿನಗೆ ಯಾವಾಗ ಗೊತ್ತಾಯಿತು?’

‘ಅಲ್ಲೇ. ಮನೆಯಲ್ಲಿ.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಹೆದರಿಕೆಯಾಯಿತು.’

‘ಇದರದ್ದಾ?’ ಒಡೆದ ಕೋವಿಯನ್ನು ತೋರಿಸಿದ.

‘ಅಲ್ಲ. ನಿಮ್ಮದು.’

ಖಲ್ಫಾನ್ ಒಡೆದ ಕೋವಿಯನ್ನು ಎತ್ತಿ ಪಿಕಪ್ಪಿಗೆ ಹಾಕಿದ. ಮುದುಕನನ್ನು ಮನೆಗೆ ಬಿಟ್ಟು ವರ್ಕ್‌ಶಾಪಿಗೆ ಬಂದಾಗ ಉಮಾವತಿ ಬಾಗಿಲಲ್ಲೇ ನಿಂತಿದ್ದಳು. ತುಕ್ರ ಇಳಿದ. ಇಂಜಿನ್ ಆರಿಸದೆ ಖಲ್ಫಾನ್ ಕಿಟಕಿಯಿಂದ ಕರೆದ.

‘ನಾಳೆ ಆ ಮೊದಲಿನ ಕೋವಿ ಇನ್ನೊಮ್ಮೆ ನೋಡಲು ಹೋಗೋಣ. ಕೈಯಲ್ಲಿ ನಾನು ಹಿಡಿಯುತ್ತೇನೆ. ಕೆಟ್ಟದ್ದಾಗಿದ್ದರೆ ನೀನು ಅಲ್ಲೇ ಹೇಳಬೇಕು.’

‘ಅವರ ಎದುರಿಗೇ?’

‘ಅವರ ಎದುರಿಗೇ. ನನ್ನ ಎದುರಿಗೂ.’

ತುಕ್ರ ಬಾಗಿಲಲ್ಲಿದ್ದ ಉಮಾವತಿಯ ಕಡೆ ನೋಡಿದ. ಕೈಗಳನ್ನು ಹಿಂದೆ ಕಟ್ಟಿಕೊಂಡೇ ಹೂಂ ಅಂದ.