ಕಂಡದ್ದನ್ನಷ್ಟೇ ಬರೆಯುವ ಕೆಲಸ

ಮೈಸೂರಿನಲ್ಲಿ ಎಂಟು ವರ್ಷ ಪಾಠ ಹೇಳಿದವಳು ನಾನು. ಕಣ್ಣು ದೊಡ್ಡದು ಮಾಡಿದರೆ ಸಾಕು, ಇಡೀ ಕ್ಲಾಸು ಗಪ್‌ಚುಪ್ಪಾಗುತ್ತಿತ್ತು. ಅಂಥವಳಿಗೆ ಅಮೆರಿಕದ ಟೆಕ್ಸಸ್‌ನಲ್ಲಿ, ಕೇಟಿ ಎಂಬ ಊರಿನ ಶಾಲೆಯಲ್ಲಿ ಸಿಕ್ಕ ಕೆಲಸವೆಂದರೆ ಕ್ಲಾಸಿನ ಹಿಂದೆ ಬಾಯಿ ಮುಚ್ಚಿಕೊಂಡು ಕೂರುವುದು. ಎರಡು ಸಾವಿರದ ಇಸವಿಯ ಆಸುಪಾಸು. ಅಳುವ, ಹೊಡೆಯುವ, ಮಾತೇ ಆಡದ ಮಕ್ಕಳನ್ನು ಹೇಗೆ ಸಂಭಾಳಿಸಬೇಕೆಂದು ಟೀಚರುಗಳಿಗೆ ಕೋಚಿಂಗ್ ಕೊಡುವ ಹುದ್ದೆ ಅದು. ಮಗುವಿನ ತಂಟೆಗೆ ಹೋಗುವಂತಿಲ್ಲ. ಕೈಯಲ್ಲೊಂದು ಹಾಳೆ, ಅದರಲ್ಲಿ ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ‘ಕೋಪ ಬಂತು’ ಎಂದು ಬರೆದರೆ ನನಗೆ ತರಬೇತಿ ಕೊಟ್ಟಾಕೆ ಕೇಳುತ್ತಿದ್ದರು, “ಕೋಪ ಯಾವ ಬಣ್ಣದಲ್ಲಿತ್ತು?”

ಈ ಕೆಲಸ ನನಗೆ ಹುಚ್ಚು ಹಿಡಿಸಿಬಿಟ್ಟಿತ್ತು. ಒಂದು ಮಗು ಗಣಿತದ ಹೊತ್ತಿಗೇ ಯಾಕೆ ಬಾತ್‌ರೂಮಿಗೆ ಓಡುತ್ತದೆ, ಇನ್ನೊಂದು ಯಾಕೆ ಶೂ ಲೇಸನ್ನು ಅಗಿಯುತ್ತದೆ ಎಂದು ಊಟ ಮಾಡುವಾಗಲೂ ತಲೆ ಕೊರೆಯುತ್ತಿತ್ತು. “ಸಾರು ಆರೋಗ್ತಿದೆ, ಆ ಮಗೂನ ಸ್ವಲ್ಪ ಸ್ಕೂಲಲ್ಲೇ ಬಿಟ್ಟು ಬರಬಾರ್ದಾ?” ಎನ್ನುತ್ತಿದ್ದರು ನಮ್ಮನೆಯವರು.

ಆ ವರ್ಷ ಅಕ್ಟೋಬರಿನಲ್ಲಿ ಒಂದನೇ ಕ್ಲಾಸಿನ ಹುಡುಗಿಯೊಬ್ಬಳಿಗಾಗಿ ಕರೆ ಬಂತು. ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ತನ್ನ ಕುರ್ಚಿಯಲ್ಲಿದ್ದಾಗ ಎಲ್ಲ ಸರಿ. ಕಥೆ ಹೇಳುವ ಹೊತ್ತಿಗೆ ಮಕ್ಕಳೆಲ್ಲ ಮುಂದಿನ ಕಾರ್ಪೆಟ್ಟಿನ ಮೇಲೆ ಕೂರಬೇಕು; ಆಗ ಮಾತ್ರ ಇವಳು ಮೇಜಿನ ಕೆಳಗೆ ನುಗ್ಗುತ್ತಿದ್ದಳು. ಎಳೆದರೆ ಒದೆಯುತ್ತಿದ್ದಳು. ಒಮ್ಮೆ ಟೀಚರ ಸಹಾಯಕಿಯ ಕೈಯನ್ನು ಕಚ್ಚಿದ್ದೂ ಆಗಿತ್ತು. ಹೀಗೇ ಮುಂದುವರಿದರೆ ಬೇರೆ ಶಾಲೆಯ ಪ್ರತ್ಯೇಕ ಕೊಠಡಿಗೆ ಕಳಿಸುವ ಮಾತು ನಡೆದಿತ್ತು. ಅಲ್ಲಿಗೆ ಹೋದ ಮಕ್ಕಳು ಮರಳಿ ತಮ್ಮ ಕ್ಲಾಸಿಗೆ ಬಂದದ್ದನ್ನು ನಾನು ಹೆಚ್ಚು ಕಂಡಿರಲಿಲ್ಲ.

“ನಿಮ್ಮ ಭಾಷೆಯ ಮಗು. ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾಗುತ್ತೆ?” ಎಂದರು ಪ್ರಿನ್ಸಿಪಾಲರು. ನಾನೂ ಉಬ್ಬಿಹೋದೆ.

ಉಬ್ಬಿದವಳು ಮೊದಲ ದಿನವೇ ನಿಯಮ ಮುರಿದೆ. ಮೇಜಿನ ಬಳಿ ಬಗ್ಗಿ ಕೇಳಿದೆ, “ಯಾಕೆ ಪುಟ್ಟಾ, ಎಲ್ಲರ ಜೊತೆ ಕೂತ್ಕೊಳಲ್ವಾ?”

“ಒಲ್ಲೆ.”

“ಯಾಕೆ ಒಲ್ಲೆ?”

“ಒಲ್ಲೆ ಅಂದ್ರ ಒಲ್ಲೆ.”

ಅಷ್ಟು ಸಾಕಾಯಿತು ನನಗೆ. ಇಂಥ ಎಷ್ಟು ಮಕ್ಕಳನ್ನು ನೋಡಿಲ್ಲ ಎಂದುಕೊಂಡು ಎರಡನೇ ಕಾಲಂನಲ್ಲಿ ‘ಹಠ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅವಳ ತಾಯಿಗೆ ಫೋನ್ ಮಾಡಿದರೆ, “ಮನ್ಯಾಗ ಛಲೋನ ಇರ್ತಾಳ್ರಿ. ಸಾಲ್ಯಾಗ ಏನಾಗ್ತದೋ ನನಗೂ ತಿಳಿವಲ್ದು” ಎಂದರು. ಮನೆಯಲ್ಲಿ ಮುದ್ದು ಜಾಸ್ತಿ ಎಂದು ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಂಡೆ. ಎರಡು ವಾರದ ಕೊನೆಗೆ ನನ್ನ ವರದಿ ಹೀಗಿತ್ತು: ಮಗು ಹಠಮಾರಿ, ಪ್ರತ್ಯೇಕ ಕೊಠಡಿಯ ಶಿಸ್ತಿನಿಂದ ಅನುಕೂಲವಾದೀತು. ಕೆಳಗೆ ನನ್ನ ಸಹಿ. ಮರುವಾರದ ಶುಕ್ರವಾರಕ್ಕೆ ಮೀಟಿಂಗ್ ಗೊತ್ತಾಯಿತು.

ಆ ಕ್ಲಾಸಿನ ಟೀಚರ್ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಟೆಕ್ಸಸ್ ಬಿಟ್ಟು ಹೊರಗೆ ಹೋದವರಲ್ಲ; ಕನ್ನಡ ಎಂಬ ಭಾಷೆಯಿದೆ ಎಂಬುದನ್ನು ನನ್ನ ಬಾಯಲ್ಲೇ ಮೊದಲು ಕೇಳಿದವರು. ಕ್ರಮದ ಪ್ರಕಾರ ಅವರ ಕೈಗೂ ನಾನೊಂದು ಖಾಲಿ ಹಾಳೆ ಕೊಟ್ಟಿದ್ದೆ. ಕಂಡದ್ದನ್ನಷ್ಟೇ ಬರೆಯಿರಿ ಎಂದು ದೊಡ್ಡದಾಗಿ ಹೇಳಿಯೂ ಇದ್ದೆ.

ಗುರುವಾರ ಮಕ್ಕಳೆಲ್ಲ ಬಸ್ಸು ಹತ್ತಿದ ಮೇಲೆ ಅವರು ನನ್ನನ್ನು ಕರೆದು ಕೂರಿಸಿ, ತಮ್ಮ ಹಾಳೆಗಳನ್ನು ಮುಂದಿಟ್ಟರು. ಒಂದೇ ಒಂದು ವಿಶೇಷಣವಿಲ್ಲ. ‘ಕಾರ್ಪೆಟ್ಟಿನವರೆಗೆ ಬಂದಳು. ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಹಿಂದೆ ಸರಿದಳು.’ ‘ಕಾಲಿಗೆ ಪುಸ್ತಕ ತಗುಲಿತು. ಎತ್ತಿ ಕಣ್ಣಿಗೆ ಒತ್ತಿಕೊಂಡಳು.’ ‘ಸಂಗೀತದ ಕೊಠಡಿಯಲ್ಲಿ ಎಲ್ಲರಿಗಿಂತ ಮೊದಲು ನೆಲದ ಮೇಲೆ ಕೂತಳು. ಅಲ್ಲಿಯ ಕಾರ್ಪೆಟ್ ಬರೀ ನೀಲಿ.’

“ನನಗೆ ಒಂದು ವಿಷಯ ತಿಳಿಯಬೇಕು,” ಎಂದರು. “ನಿಮ್ಮವರಲ್ಲಿ ಕಾಲಿನ ಬಗ್ಗೆ ಏನಾದರೂ ಇದೆಯೇ?”

“ಓಹೋ, ಇದೆಯಲ್ಲ,” ಎಂದು ಉತ್ಸಾಹದಿಂದ ಶುರುಮಾಡಿದೆ. “ಪುಸ್ತಕಕ್ಕೆ ಕಾಲು ತಗುಲಿಸಬಾರದು. ಅಕ್ಷರ ಎಂದರೆ ಸರಸ್ವತಿ. ಬರೆದ ಕಾಗದವನ್ನೂ ತುಳಿಯುವಂತಿಲ್ಲ, ತುಳಿದರೆ ವಿದ್ಯೆ...” ಅಲ್ಲಿಗೆ ನನ್ನ ಮಾತು ನಿಂತಿತು. ಟೀಚರ್ ನೆಲ ನೋಡುತ್ತಿದ್ದರು. ನಾನೂ ನೋಡಿದೆ. ಆ ಕಾರ್ಪೆಟ್ಟಿನ ತುಂಬ ಬಣ್ಣಬಣ್ಣದ ಚೌಕಗಳು, ಒಂದೊಂದರಲ್ಲೂ ಇಂಗ್ಲಿಷಿನ ಒಂದೊಂದು ದಪ್ಪಕ್ಷರ. ಪ್ರತಿ ಮಗುವೂ ತನ್ನ ಹೆಸರಿನ ಅಕ್ಷರದ ಮೇಲೆ ಕೂರಬೇಕೆಂಬುದು ಆ ಕ್ಲಾಸಿನ ಪದ್ಧತಿ. ನನ್ನ ಎಡಗಾಲಿನ ಬೂಟು ‘ಆರ್’ ಮೇಲಿತ್ತು, ಬಲಗಾಲಿನದು ‘ಎಸ್’ ಮೇಲೆ. ಮೂರು ವಾರದಿಂದ ನಾನು ಅದರ ಮೇಲೆ ಓಡಾಡಿದ್ದೆ.

ಆರು ವರ್ಷದ ಮಗುವನ್ನು ಅಕ್ಷರದ ಮೇಲೆ ಅಂಡೂರಿ ಕೂರು ಎಂದು ಇಬ್ಬರು ದೊಡ್ಡವರು ರಟ್ಟೆ ಹಿಡಿದು ಎಳೆದಿದ್ದರು. ಕಚ್ಚದೆ ಇನ್ನೇನು ಮಾಡುತ್ತಾಳೆ? ಮೈಸೂರಿನಲ್ಲಿ ನೆಲಕ್ಕೆ ಬಿದ್ದ ಪರೀಕ್ಷೆ ಪೇಪರನ್ನು ಕಣ್ಣಿಗೊತ್ತಿಕೊಂಡೇ ಎತ್ತಿಡುತ್ತಿದ್ದವಳು ನಾನು. ಆ ಅಭ್ಯಾಸ ನನ್ನಿಂದ ಯಾವಾಗ ಕಳಚಿಕೊಂಡಿತು? ಎಷ್ಟು ಯೋಚಿಸಿದರೂ ಇಂಥ ದಿನ ಎಂದು ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ. ಆದರೆ ಆ ಹೊತ್ತಿಗೆ ಬಂದದ್ದು ಶುದ್ಧ ನಾಚಿಕೆ.

ಮರುದಿನ ಬೆಳಿಗ್ಗೆ ಟೀಚರ್ ಕಾರ್ಪೆಟ್ಟನ್ನು ಬೋರಲಾಗಿ ಮಗುಚಿ ಹಾಸಿದ್ದರು. ಒರಟು ಬೂದುಬಣ್ಣದ ಬೆನ್ನು ಮೇಲಕ್ಕೆ. ಕಥೆಯ ಹೊತ್ತಿಗೆ ಹುಡುಗಿ ಅಂಚಿಗೆ ಬಂದಳು, ಬಗ್ಗಿ ನೋಡಿದಳು, ಕೈಯಿಂದ ಸವರಿದಳು. ಹೋಗಿ ಮೂರನೇ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಟೀಚರ್ ಕಥೆ ಓದುತ್ತಲೇ ಇದ್ದರು, ಅವರ ಮುಖ ಮಾತ್ರ ಕೆಂಪಗಾಗಿತ್ತು.

ಮಧ್ಯಾಹ್ನ ಮೀಟಿಂಗ್. ಮೇಜಿನ ಮೇಲಿದ್ದ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ನನ್ನ ವರದಿ. ತಾಯಿ ಒಬ್ಬರೇ ಬಂದಿದ್ದರು, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು. ದುಭಾಷಿಯ ಕೆಲಸವೂ ನನ್ನದೇ. ಪ್ರಿನ್ಸಿಪಾಲರು ನನ್ನ ವರದಿಯ ಮೊದಲ ಸಾಲು ಓದಿ, ಅನುವಾದಿಸಲಿ ಎಂದು ನನ್ನ ಕಡೆ ನೋಡಿದರು. ನನ್ನದೇ ಮಾತನ್ನು ಆ ತಾಯಿಯ ಮುಖ ನೋಡಿ ಕನ್ನಡದಲ್ಲಿ ಹೇಳುವ ಬದಲು ಪ್ರಿನ್ಸಿಪಾಲರ ಕಡೆಗೇ ತಿರುಗಿದೆ.

“ಈ ವರದಿ ತಪ್ಪು. ದಯವಿಟ್ಟು ತೆಗೆದುಬಿಡಿ,” ಎಂದೆ ಇಂಗ್ಲಿಷಿನಲ್ಲಿ. ಟೀಚರ್ ತಮ್ಮ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದಾಗಿ ಎಲ್ಲವನ್ನೂ ವಿವರಿಸಿದರು. ಹುಡುಗಿ ಅದೇ ಕ್ಲಾಸಿನಲ್ಲೇ ಉಳಿಯುವುದೆಂದು ತೀರ್ಮಾನವಾಗಲು ಹತ್ತು ನಿಮಿಷ ಹಿಡಿಯಲಿಲ್ಲ.

ಆಮೇಲೆ ನಾನು ತಾಯಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ: ಕಾರ್ಪೆಟ್ಟು, ಅಕ್ಷರ, ನನ್ನ ವರದಿ. ಆಕೆ ಕಣ್ಣೊರೆಸಿಕೊಂಡು ಟೀಚರಿಗೆ ಕೈಮುಗಿದರು. ಬಳಿಕ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

“ಅಲ್ರೀ ಅಕ್ಕಾರ, ಅವರಿಗೆ ಗೊತ್ತಾತು. ನಿಮಗ ಗೊತ್ತಾಗಲಿಲ್ಲೇನ್ರಿ?”

“ಇಲ್ಲಮ್ಮಾ,” ಎಂದೆ. “ಅವ್ರು ನೋಡಿದ್ರು. ನಾನು ನೋಡ್ಲೇ ಇಲ್ಲ.”