ಮೇಷ್ಟ್ರು ಕುಡಿದ ನೀರು

ಪಕ್ಕದ ಮನೆಯ ಮೇಷ್ಟ್ರು ಸೈಕಲ್ ಹತ್ತಿದರೆ, ಎಷ್ಟೇ ದೂರವಿದ್ದರೂ "ಇನ್ನೇನ್ ಬಂತು ಕಣಯ್ಯಾ" ಎನ್ನುತ್ತಿದ್ದರು. ಒಮ್ಮೆ ನಾವಿಬ್ಬರೂ ಸೈಕಲ್‌ನಲ್ಲಿ ಜಿನನಾಥಪುರದಿಂದ ಹೊಳೆನರಸೀಪುರಕ್ಕೆ ಮರಳುವಾಗಲೂ ಹಾಗೆಯೇ ಹೇಳಿ, ಚನ್ನರಾಯಪಟ್ಟಣದಲ್ಲಿ ಊಟಕ್ಕೆ ನಿಲ್ಲಲಿಲ್ಲ. ಮುಂದೆ ಬಿಸಿಲೇರಿ ನನಗೆ ತಲೆ ಸುತ್ತಿತು. ಉಳಿದಿದ್ದು ಕಾಲು ಬಾಟಲಿ ನೀರು.

"ನೀವು ಕುಡೀದೆ ನಾನು ಮುಟ್ಟಲ್ಲ ಮೇಷ್ಟ್ರೇ" ಎಂದೆ.

ಸದಾ ಎತ್ತಿ ಕುಡಿಯುವ ಅವರು ಅಂದು ಬಾಟಲಿ ಕಚ್ಚಿ ಕುಡಿದರು.

"ಮಡಿ ಎಲ್ಲೋಯ್ತು ಮೇಷ್ಟ್ರೇ?"

"ಬಿಸ್ಲು ಅದ್ನೂ ಕುಡ್ಕೊಂಡೋಯ್ತು. ನೀನ್ ಮುಗ್ಸಯ್ಯಾ."

ನಾನು ಪೂರ್ತಿ ಮುಗಿಸಿದೆ.

ಅಂದು ಎತ್ತಿ ಕುಡಿದಿದ್ದರೆ ನೀರು ಬೀಳುವುದು ನನಗೆ ಕಾಣುತ್ತಿತ್ತು. ಅವರು ತುಟಿಯನ್ನಷ್ಟೇ ಒದ್ದೆ ಮಾಡಿಕೊಂಡಿದ್ದರೆಂದು ಹೊಳೆದದ್ದು ಹೋದ ತಿಂಗಳು, ಅವರ ಬಾಯಿಗೆ ಕೊನೆಯ ನೀರು ಬಿಡುವಾಗ. ಎರಡು ಚಮಚವೂ ಇಳಿಯಲಿಲ್ಲ, ತುಟಿಯಷ್ಟೇ ಒದ್ದೆಯಾಯಿತು. ಇನ್ನಷ್ಟು ಕುಡಿಯಲಿ ಎಂದು ಲೋಟ ಹಿಡಿದೇ ಕೂತಿದ್ದೆ.